ಮಾರಾಟಕ್ಕೆ ಬಾರದ ಪುಟಗಳು

ಕಾಮಿಕ್ಸ್‌ನ ಒರಿಜಿನಲ್ ಪುಟ ಅಂದರೆ ಚಿತ್ರಕಾರ ಕೈಯಾರೆ ಬರೆದು ಪ್ರೆಸ್ಸಿಗೆ ಕೊಟ್ಟ ಹಾಳೆ. ಪುಸ್ತಕದ ಪ್ರತಿಗಳು ಸಾವಿರಾರು ಇರುತ್ತವೆ, ಈ ಹಾಳೆ ಇರೋದು ಒಂದೇ. ತುಮಕೂರಿನಲ್ಲಿ ಕೂತು ಇಂಥ ಹಾಳೆಗಳ ಹಿಂದೆ ಬಿದ್ದಿದ್ದೀಯಲ್ಲ, ಇದೆಂಥ ಹುಚ್ಚು ಅಂತ ಸ್ನೇಹಿತರು ಕೇಳುತ್ತಾರೆ. ಅವರಿಗಾಗಿ ಇದು.

ಎಲ್ಲರೂ ಮೊದಲು ಕೇಳೋದು ರೇಟು. 2022ರಲ್ಲಿ ಅಮೆರಿಕದ ಹರಾಜೊಂದರಲ್ಲಿ, ಸ್ಪೈಡರ್‌ಮ್ಯಾನ್‌ಗೆ ಕಪ್ಪು ಡ್ರೆಸ್ ಬರುವ ಒಂದೇ ಒಂದು ಪುಟ 33.6 ಲಕ್ಷ ಡಾಲರ್‌ಗೆ ಹೋಯಿತು. ಅದರ ಹಿಂದಿನ ವರ್ಷ ಪ್ಯಾರಿಸ್ಸಿನಲ್ಲಿ, ಟಿನ್‌ಟಿನ್ ಪುಸ್ತಕಕ್ಕೆ ಅದರ ಚಿತ್ರಕಾರ ಎರ್ಜೆ 1936ರಲ್ಲಿ ಬರೆದ ಮುಖಪುಟಕ್ಕೆ ಸುಮಾರು 32 ಲಕ್ಷ ಯೂರೊ ಬಂತು. ಅಚ್ಚು ಹಾಕೋದು ದುಬಾರಿ ಅಂತ ಆಗ ಬಳಸದೆ ಬಿಟ್ಟ ಚಿತ್ರ ಅದು! ಮಡಿಸಿಟ್ಟ ಗುರುತು ಈಗಲೂ ಕಾಣುತ್ತದೆ.

ನನಗೆ ಇಷ್ಟವಾಗೋದು ಮಾತ್ರ ಹರಾಜಿಗೇ ಬಾರದ ಒಂದು ಕಟ್ಟು. ಸ್ಪೈಡರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಪುಟಗಳು. 2008ರಲ್ಲಿ ಯಾರೋ ಪುಣ್ಯಾತ್ಮರು ಹೆಸರೂ ಹೇಳಿಕೊಳ್ಳದೆ ಅದನ್ನು ಅಮೆರಿಕ ಸರ್ಕಾರದ ದೊಡ್ಡ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟುಬಿಟ್ಟರು. ಲಾಕರ್‌ನಲ್ಲಿ ಬೀಗ ಹಾಕಿದ ಪುಟವನ್ನು ನೋಡೋರು ಯಾರು? ಲೈಬ್ರರಿಯಲ್ಲಿದ್ದರೆ ಚಿತ್ರ ಕಲಿಯುವ ಹುಡುಗರು ಕೇಳಿ ನೋಡಬಹುದು, ಅಲ್ವಾ? ಮಾರುಕಟ್ಟೆಗೆ ಬರಲಿಲ್ಲ ಅಂತ ನಾನಂತೂ ಕೊರಗುವುದಿಲ್ಲ.

ಕೊರಗಬೇಕಾದ್ದು ಬೇರೆ ಇದೆ. ಅಚ್ಚಾದ ಮೇಲೆ ಒರಿಜಿನಲ್ ವಾಪಸ್ ಕೊಡುವ ಪದ್ಧತಿ ಅಮೆರಿಕದಲ್ಲೂ ಬಹಳ ಕಾಲ ಇರಲಿಲ್ಲ. ಎಷ್ಟೋ ಹಾಳೆ ಕಸಕ್ಕೆ ಹೋದವು. ಚಿತ್ರಕಾರ ಜ್ಯಾಕ್ ಕರ್ಬಿ, ಸ್ಪೈಡರ್‌ಮ್ಯಾನ್ ಪ್ರಕಟಿಸುವ ಮಾರ್ವೆಲ್ ಕಂಪನಿಗೆ 10,000ಕ್ಕೂ ಹೆಚ್ಚು ಪುಟ ಬರೆದಿದ್ದರು ಅನ್ನುವ ಅಂದಾಜಿದೆ. ಜಗಳವಾಡಿ, 1987ರಲ್ಲಿ ಅವರಿಗೆ ವಾಪಸ್ ಸಿಕ್ಕಿದ್ದು 2,000ದ ಆಸುಪಾಸು. ಬರೆದವರ ಗತಿಯೇ ಹೀಗೆ. ನಾವು ಚಂದಮಾಮ ಓದಿ ಬೆಳೆದವರು. ಅದರಲ್ಲಿ ವಿಕ್ರಮ–ಬೇತಾಳದ ಚಿತ್ರ ಬರೆದ ಶಂಕರ್ ಅವರ ಒಂದಾದರೂ ಒರಿಜಿನಲ್ ನಿಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೀರಿ?

ನಮ್ಮ ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಬ್ಬ ಹಿರಿಯ ಚಿತ್ರಕಾರರ ಮನೆಗೆ ಹೋಗಿದ್ದೆ. ಅವರು ಈಗಿಲ್ಲ. ಅವರ ಹೆಂಡತಿ ಟ್ರಂಕಿನಿಂದ ಒಂದು ಚಿತ್ರಕಥೆಯ ಹಾಳೆಗಳನ್ನು ತೆಗೆದು ತೋರಿಸಿದರು. ಅಚ್ಚಿನ ಪುಟಕ್ಕಿಂತ ಎಷ್ಟೋ ದೊಡ್ಡವು. ಇಂಡಿಯನ್ ಇಂಕಿನ ಗೆರೆಯ ಅಡಿಯಲ್ಲಿ ಅಳಿಸದೆ ಉಳಿದ ಪೆನ್ಸಿಲ್ ಗೀಟು. ರಾಜಕುಮಾರನ ಮೂಗು ಸರಿಬಾರದೆ ಬಿಳಿ ಪೋಸ್ಟರ್ ಕಲರ್ ಹಚ್ಚಿ ಮತ್ತೆ ಬರೆದಿದ್ದರು. ಮಾತುಗಳನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿತ್ತು. ಒಂದರ ಗೋಂದು ಬಿಟ್ಟು ಕಾಗದ ಮೇಲೆದ್ದಿತ್ತು, ಅಡಿಯಲ್ಲಿ ಪೂರ್ತಿ ಬರೆದ ಕುದುರೆ ಬಾಲ! ಆ ಮಾತಿನ ಕೆಳಗೆ ಇದು ಮುಚ್ಚಿಹೋಗುತ್ತದೆ ಅಂತ ಗೊತ್ತಿದ್ದೂ ಒಂದೊಂದು ಕೂದಲೆಳೆ ಬಿಡಿಸಿದ್ದಾರೆ. ಪತ್ರಿಕೆ ಓದಿದವರು ಯಾರೂ ಅದನ್ನು ನೋಡಿಲ್ಲ. ಇದಕ್ಕೇ ನಾನು ಒರಿಜಿನಲ್ ಹುಡುಕೋದು.

"ಬಸ್ಸಲ್ಲಿ ಬೆಂಗಳೂರಿಗೆ ಹೋಗಿ ಕೊಟ್ಟು ಬರೋರು. ವಾಪಸ್ ಬಂದಿದ್ದು ಇಷ್ಟೇ ಕಣಪ್ಪ. ಇದನ್ನ ಮಾತ್ರ ಮಾರಲ್ಲ" ಅಂದರು ಅಮ್ಮ. ನಾನೂ ಕೇಳಲಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮಕ್ಕಳಿಗೆ ಒಂದು ಕಾಪಿ ಕೊಟ್ಟು, ಹಾಳೆಗಳ ಮಧ್ಯೆ ಆಸಿಡ್ ಇಲ್ಲದ ಕಾಗದ ಇಟ್ಟು ಬಂದೆ. ಸಂಗ್ರಹ ಅಂದರೆ ನನ್ನ ಮನೆಯಲ್ಲೇ ಇರಬೇಕು ಅಂತ ಏನೂ ಇಲ್ಲ.

ತಿಪಟೂರು, ಶಿರಾ, ಮಧುಗಿರಿ ಕಡೆಯ ಮನೆಗಳಲ್ಲೂ ಇಂಥ ಟ್ರಂಕು ಇರಬಹುದು. ಅಪ್ಪನೋ ತಾತನೋ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದರೆ, ಹಳೇ ಕಾಗದ ಅಂತ ಗುಜರಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಚೆನ್ನಾಗಿರಲಿ ಅಂತ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆಮೇಲೆ ಬಿಡಿಸೋಕೆ ಆಗಲ್ಲ. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಹಳದಿ ಕಲೆ ಬೀಳುತ್ತದೆ. ನನಗೆ ಮಾರಬೇಕಿಲ್ಲ. ಮೊಬೈಲಲ್ಲಿ ಒಂದು ಫೋಟೊ ತೆಗೆದು ಇನ್‌ಬಾಕ್ಸ್‌ಗೆ ಹಾಕಿ. ಯಾವ ಪತ್ರಿಕೆಯಲ್ಲಿ, ಯಾವ ವರ್ಷ ಬಂದದ್ದು ಅಂತ ಕೂತು ಹುಡುಕೋಣ.