ಖಾಲಿ ಬರಬಾರದು

ಹೋದ ವರ್ಷ ಮನೆ ಬದಲಿಸಿದೆವು. ಸಾಮಾನು ಹೇರಲು ಬಂದ ಮಿನಿ ಲಾರಿ ತುಂಬ ಈರುಳ್ಳಿ ವಾಸನೆ. ಮೂಲೆಯಲ್ಲಿ ಕೆಂಪು ಸಿಪ್ಪೆಗಳು ಗಾಳಿಗೆ ಏಳುತ್ತಿದ್ದವು. "ಬೆಳಗ್ಗೆ ಮಾರ್ಕೆಟ್ಟಿಗೆ ಲೋಡ್ ಹಾಕಿದ್ದೆ ಸಾರ್, ಖಾಲಿ ವಾಪಸ್ ಹೋದ್ರೆ ಡೀಸೆಲ್ ಕಾಸೂ ಹುಟ್ಟಲ್ಲ" ಎಂದ ಡ್ರೈವರು. ನಮ್ಮ ಹಾಸಿಗೆ ಮೂರು ದಿನ ಬೋಂಡದಂಗಡಿಯಂತೆ ನಾರುತ್ತಿತ್ತು. ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಅವನ ಲೆಕ್ಕ ಸರಿಯಾಗಿತ್ತು.

ಅದೇ ಲೆಕ್ಕದ ಮೇಲೆ ಬದುಕಿದ ಹಡಗೊಂದಿದೆ. ಹೆಸರು ಬ್ರಿಟಾನಿಯಾ. ನಮಗೆ ಬ್ರಿಟಾನಿಯಾ ಅಂದ್ರೆ ಬಿಸ್ಕತ್ತು, ಅಲ್ವಾ? ಇದು 1783ರಲ್ಲಿ ಇಂಗ್ಲೆಂಡಿನ ಬ್ರಿಡ್‌ಪೋರ್ಟ್‌ನಲ್ಲಿ ಕಟ್ಟಿದ ಮರದ ಹಡಗು. ಮಾಲೀಕರು ಲಂಡನ್ನಿನ ಎಂಡರ್ಬಿ ಮನೆತನದವರು. ಅವರ ಕಸುಬು ತಿಮಿಂಗಿಲದ ಎಣ್ಣೆ. ಆಗ ಲಂಡನ್ನಿನ ದೀಪ ಉರಿಯುತ್ತಿದ್ದದ್ದೇ ಅದರಲ್ಲಿ. ಸ್ಪರ್ಮ್ ತಿಮಿಂಗಿಲದ ತಲೆಯೊಳಗಿನ ಮೇಣದಿಂದ ಮಾಡಿದ ಬತ್ತಿ ಹೊಗೆ ಕಾರದೆ ಬೆಳ್ಳಗೆ ಉರಿಯುತ್ತಿತ್ತಂತೆ. ಆ ತಲೆಯೊಳಗಿನ ಚೀಲವನ್ನು ಬಕೆಟ್ ಬಿಟ್ಟು ಬಾವಿ ಸೇದಿದ ಹಾಗೆ ಸೇದುತ್ತಿದ್ದರು.

ತಿಮಿಂಗಿಲ ದೂರದ ಕಡಲಲ್ಲಿದೆ. ಅಲ್ಲಿಗೆ ಹೋಗುವಾಗ ಹಡಗಿನ ಹೊಟ್ಟೆ ಖಾಲಿ. ಸಾಲದ್ದಕ್ಕೆ ಪೂರ್ವದ ಕಡಲೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಗುತ್ತಿಗೆ. ಅಷ್ಟರಲ್ಲಿ ಸರ್ಕಾರಕ್ಕೆ ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಸಾಗಿಸಲು ಹಡಗು ಬೇಕಾಯಿತು. ಹೋಗುವ ಬಾಡಿಗೆ ಸರ್ಕಾರದ್ದು, ಬರುವ ಎಣ್ಣೆ ಎಂಡರ್ಬಿಯವರದ್ದು. ಇದಕ್ಕಿಂತ ಒಳ್ಳೆ ಲೋಡ್ ಯಾವ ಡ್ರೈವರಿಗೆ ಸಿಕ್ಕೀತು!

1791ರ ಮಾರ್ಚ್ 27ಕ್ಕೆ ಬ್ರಿಟಾನಿಯಾ ಪ್ಲಿಮತ್ ಬಿಟ್ಟಿತು. ಅದಕ್ಕೆ ಆರು ದಿನ ಮೊದಲಷ್ಟೇ ಅದೇ ಈಸ್ಟ್ ಇಂಡಿಯಾ ಕಂಪನಿಯ ಪಡೆ ಟಿಪ್ಪುವಿನಿಂದ ಬೆಂಗಳೂರು ಕೋಟೆಯನ್ನು ಕಿತ್ತುಕೊಂಡಿತ್ತು. ಹಡಗಿನ ಒಳಗೆ 150 ಕೈದಿಗಳು. ಅಕ್ಟೋಬರ್ 14ಕ್ಕೆ ಸಿಡ್ನಿ ಮುಟ್ಟುವಷ್ಟರಲ್ಲಿ 21 ಜನ ಸತ್ತಿದ್ದರು. ಇಲ್ಲಿ ನನ್ನ ಈರುಳ್ಳಿ ಹೋಲಿಕೆ ನನಗೇ ಮುಜುಗರ ತರುತ್ತದೆ. ಆರೂವರೆ ತಿಂಗಳು ಆ ಕತ್ತಲಲ್ಲಿ ಕೂತವರಿಗೆ ಹಿಂದಿನ ಸಲದ ಎಣ್ಣೆಯ ವಾಸನೆ ಬಡಿದಿರಲಿಲ್ಲವೇ? ಅದನ್ನು ಯಾರೂ ಬರೆದಿಡಲಿಲ್ಲ. ಬರೆಯುವ ಕ್ಯಾಪ್ಟನ್ ಮೇಲಿದ್ದ.

ಆ ಕ್ಯಾಪ್ಟನ್ ಥಾಮಸ್ ಮೆಲ್ವಿಲ್ ಬರೆದದ್ದು ಬೇರೆ ಸಂಗತಿ. ಸಿಡ್ನಿ ಹತ್ತಿರ ಬರುವಾಗ ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೂ ಹಡಗು ತಿಮಿಂಗಿಲಗಳ ಹಿಂಡಿನ ನಡುವೆಯೇ ಸಾಗಿತಂತೆ. ಪಟದ ಕಂಬದ ತುದಿಯಿಂದ ಕಣ್ಣು ಹಾಯುವಷ್ಟು ದೂರವೂ ಅವೇ. ಗುಟ್ಟಾಗಿಡಬೇಕೆಂದುಕೊಂಡಿದ್ದ ಪಾಪ. ನಾವಿಕರ ಬಾಯಿಗೆ ಬೀಗ ಹಾಕಲಾದೀತೇ? ದಡ ಸೇರಿದ್ದೇ ತಡ, ಊರಿಗೆಲ್ಲ ಗೊತ್ತಾಯಿತು. ಅಲ್ಲಿನ ಬ್ರಿಟಿಷ್ ಗವರ್ನರ್ ಫಿಲಿಪ್‌ಗೆ ಹೇಳಿ, ಬೇಗಬೇಗ ಸಾಮಾನು ಇಳಿಸಿ, ಹತ್ತೇ ದಿನದಲ್ಲಿ ಬೇಟೆಗೆ ಹೊರಟ.

ಜೊತೆಗೆ ವಿಲಿಯಂ ಅಂಡ್ ಆನ್ ಎಂಬ ಇನ್ನೊಂದು ಹಡಗು. ಎರಡು ಗಂಟೆಯೊಳಗೆ ಏಳು ತಿಮಿಂಗಿಲ ಕೊಂದರು. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಐದರ ಹಗ್ಗ ಕೊಯ್ದು ಬಿಟ್ಟರು. ಉಳಿದದ್ದು ಹಡಗಿಗೊಂದು. ಬ್ರಿಟಾನಿಯಾಕ್ಕೆ ಸಿಕ್ಕಿದ್ದು 12 ಪೀಪಾಯಿ ಎಣ್ಣೆ. ಏಳು ಪ್ರಾಣ ಹೋಯಿತು, ದಕ್ಕಿದ್ದು ಎರಡೇ.

ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಎಣ್ಣೆ ಕಾಯಿಸುವ ರೀತಿಯೇ ನನಗೆ ಹೆಚ್ಚು ಬೆರಗು. ಮರದ ಹಡಗಿನ ಮೇಲೆಯೇ ಇಟ್ಟಿಗೆ ಒಲೆ, ಅದರ ಮೇಲೆ ಕಬ್ಬಿಣದ ಕೊಪ್ಪರಿಗೆ. ಸೌದೆ ಒಂದಿಷ್ಟು ಸಾಕು, ಹೊತ್ತಿಸೋಕೆ ಮಾತ್ರ. ಆಮೇಲೆ ತುಪ್ಪ ಕಾಯಿಸಿದಾಗ ತಳದಲ್ಲಿ ಉಳಿಯುವ ಗಸಿಯಂತೆ ಕೊಪ್ಪರಿಗೆಯಲ್ಲಿ ಉಳಿದ ಕರಕಲು ಚರ್ಮವನ್ನೇ ಒಲೆಗೆ ತಳ್ಳುತ್ತಿದ್ದರು. ತಿಮಿಂಗಿಲವನ್ನು ತಿಮಿಂಗಿಲದ ಬೆಂಕಿಯಲ್ಲೇ ಕರಗಿಸುವುದು! ಆ ಹೊಗೆಯ ನಾತ ಬಟ್ಟೆಗೆ ಹಿಡಿದರೆ ಬಿಡುವುದಲ್ಲ. ಈರುಳ್ಳಿ ಎಷ್ಟೋ ವಾಸಿ.

ಬ್ರಿಟಾನಿಯಾ ಆಮೇಲೂ ದಕ್ಷಿಣದ ಕಡಲಲ್ಲಿ ಬೇಟೆಯಾಡಿತು. 1806ರಲ್ಲಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ಮಿಡಲ್ಟನ್ ಹವಳದಿಬ್ಬಕ್ಕೆ ಬಡಿದು ಒಡೆಯಿತು.

ನಮ್ಮ ಡ್ರೈವರು ಅಂದು ಕೊನೆಯ ಸ್ಟೂಲು ಇಳಿಸಿದವನೇ ಫೋನು ಕಿವಿಗಿಟ್ಟ. "ಗುರು, ಈ ಕಡೆಯಿಂದ ಏನಾದ್ರೂ ಲೋಡ್ ಇದೆಯಾ?"