"ಅಕ್ಕಾ, ಯಾವ ಹಾರ್ಮೋನ್ ಬೆಸ್ಟ್?" ಅಂತ ಕೇಳುವವರಿಗೆ

ಎಂಡೊಮೆಟ್ರಿಯೋಸಿಸ್ ಬಗ್ಗೆ ಬರೆದಾಗಿನಿಂದ ಇನ್‌ಬಾಕ್ಸಿಗೆ ಇದೊಂದೇ ಪ್ರಶ್ನೆ ಬರುತ್ತಿದೆ. ನಾನು ಡಾಕ್ಟರ್ ಅಲ್ಲ, ಈ ಕಾಯಿಲೆ ಇರುವವಳು ಅಷ್ಟೆ. ಆದರೂ ಒಂದು ಮಾತು ಹೇಳುತ್ತೇನೆ. ನೋವು ತಗ್ಗಿಸುವುದರಲ್ಲಿ ಈ ಔಷಧಿಗಳ ನಡುವೆ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಅವು ಕೊಡುವ ಕಾಟದಲ್ಲಿ. ಯಾವ ಕಾಟ ತಡೆದುಕೊಳ್ಳಬಲ್ಲಿರಿ ಅನ್ನೋದು ನಿಮಗೇ ಗೊತ್ತಿರಬೇಕು.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುವುದು ಈ ಕಾಯಿಲೆ. ಅದು ಬೆಳೆಯುವುದು ಈಸ್ಟ್ರೊಜೆನ್‌ನಿಂದ. ಹಾರ್ಮೋನ್ ಚಿಕಿತ್ಸೆ ಆ ಬೆಳವಣಿಗೆಯನ್ನು ಅದುಮಿಡುತ್ತದೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ನಿಲ್ಲಿಸಿದರೆ ನೋವು ಮತ್ತೆ ಬರಬಹುದು. ಹಾಗೇ, ಇದು ಮಕ್ಕಳಾಗಲು ಕೊಡುವ ಔಷಧಿಯೂ ಅಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ಎಸ್ರೆ (ESHRE) 2022ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ "ಹತ್ತಿರದಲ್ಲಿ ಮಗು ಬೇಕಾ?" ಅನ್ನೋದು ಮಾತ್ರೆಯ ಹೆಸರಿಗಿಂತ ಮೊದಲು ಬರಬೇಕಾದ ಪ್ರಶ್ನೆ. ಎಷ್ಟು ಡಾಕ್ಟರುಗಳು ಕೇಳುತ್ತಾರೆ?

ನಮ್ಮಲ್ಲಿ ಈಗ ಜಾಸ್ತಿ ಬರೆದುಕೊಡುವುದು ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ. 2 ಮಿಲಿಗ್ರಾಂ, ದಿನಕ್ಕೊಂದು, ನಡುವೆ ಬಿಡುವಂತಿಲ್ಲ. ಮೊದಲ ಕೆಲವು ತಿಂಗಳು ಹೇಳದೆ ಕೇಳದೆ ಸ್ಪಾಟಿಂಗ್, ಅಂದರೆ ಸ್ವಲ್ಪಸ್ವಲ್ಪ ರಕ್ತ ಕಾಣಿಸುವುದು, ಆಗುತ್ತದೆ. ಬಹಳ ಜನರಿಗೆ ಬರಬರುತ್ತಾ ಕಡಿಮೆಯಾಗುತ್ತದೆ, ಮುಟ್ಟೇ ನಿಂತರೂ ನಿಲ್ಲಬಹುದು. ಇದನ್ನು ಮುಂಚೆಯೇ ಹೇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಹೇಳದೇ ಇರುವುದರಿಂದ "ಮಾತ್ರೆ ಹಿಡಿಸ್ಲಿಲ್ಲ" ಅಂತ ಎರಡನೇ ಸ್ಟ್ರಿಪ್ಪಿಗೇ ಬಿಟ್ಟುಬಿಡುತ್ತಾರೆ. ತಲೆನೋವು, ಸ್ತನಗಳಲ್ಲಿ ಬಿಗಿತ, ತೂಕ ಏರುವುದು, ಇವೂ ಇವೆ. ನನಗೆ ಭಯ ಇರುವುದು ಮನಸ್ಸು ಕುಗ್ಗುವುದರ ಬಗ್ಗೆ. ಹಿಂದೆ ಖಿನ್ನತೆ ಇದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಇನ್ನೊಂದು ಮಾತು, ಡೈನೋಜೆಸ್ಟ್ ಒಂದನ್ನೇ ಗರ್ಭನಿರೋಧಕ ಅಂತ ನಂಬಬೇಡಿ, ಕಾಂಡೋಮ್ ಬೇಕು.

ಮಾಮೂಲಿ ಗರ್ಭನಿರೋಧಕ ಮಾತ್ರೆ ಅಗ್ಗ, ಹಲವರಿಗೆ ಅದೇ ಸಾಕು. ಆದರೆ ಅದರಲ್ಲಿ ಈಸ್ಟ್ರೊಜೆನ್ ಇರುತ್ತದೆ. ಕಣ್ಣ ಮುಂದೆ ಮಿಂಚಿನಂತೆ ಬಂದು ಆಮೇಲೆ ಅರೆತಲೆನೋವು ಶುರುವಾಗುವವರಿಗೆ, ಬಿಪಿ ಇರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಅದು ಸರಿಯಲ್ಲ.

ಹಾರ್ಮೋನ್ ಇರುವ ಲೂಪ್ ಅಂದ ತಕ್ಷಣ ನಮ್ಮ ಮನೆಗಳಲ್ಲಿ "ಕಾಪರ್-ಟಿನಾ? ಮದುವೆಗೆ ಮುಂಚೆನಾ?" ಅಂತ ಗಲಾಟೆ. ಎರಡೂ ಒಂದೇ ಅಲ್ಲ. ಕಾಪರ್-ಟಿ ಹಾಕಿದರೆ ರಕ್ತಸ್ರಾವ, ನೋವು ಇನ್ನೂ ಜಾಸ್ತಿಯಾಗಬಹುದು. ಹಾರ್ಮೋನ್ ಲೂಪ್‌ನಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಇರುತ್ತದೆ, ಗರ್ಭಕೋಶದೊಳಗೆ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತಾ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ದಿನಾ ಮಾತ್ರೆ ನೆನಪಿಡುವ ಗೋಳಿಲ್ಲ. ಹಾಕುವಾಗ ನೋವಾಗುತ್ತದೆ ನಿಜ. ಹೇಗೂ ಲ್ಯಾಪರೋಸ್ಕೋಪಿ ಆಗುವುದಿದ್ದರೆ ಅರಿವಳಿಕೆ ಕೊಟ್ಟಾಗಲೇ ಹಾಕಿಸಿಕೊಳ್ಳಬಹುದಾ ಅಂತ ಕೇಳಿ. ಆದರೆ ಇದು ಅಂಡೋತ್ಪತ್ತಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಆಗುವ, ಹಳೇ ರಕ್ತ ತುಂಬಿದ ಗಂಟು) ಇದ್ದರೆ ನಿಮಗೆ ಇದು ಸಾಕಾ ಅಂತ ಖಂಡಿತ ವಿಚಾರಿಸಿ.

ಇನ್ನು ಲ್ಯೂಪ್ರೊಲೈಡ್ ಇಂಜೆಕ್ಷನ್. ದೇಹವನ್ನು ಸ್ವಲ್ಪ ಕಾಲ ಮುಟ್ಟು ನಿಂತವರ ಸ್ಥಿತಿಗೆ ತರುತ್ತದೆ. ಶುರುವಿನಲ್ಲಿ ನೋವು ಏರಬಹುದು. ಆಮೇಲೆ ಮೈಯೆಲ್ಲ ಉರಿ, ಬೆವರು, ನಿದ್ದೆಯಿಲ್ಲ. ಮೂಳೆಯೂ ಸವೆಯುತ್ತದೆ. ಅದಕ್ಕೇ ಇದು ಮೊದಲ ಆಯ್ಕೆ ಅಲ್ಲ. ಕೊಟ್ಟರೂ ಮೂಳೆ ಉಳಿಸಲು ಜೊತೆಗೆ ಕಡಿಮೆ ಪ್ರಮಾಣದ ಹಾರ್ಮೋನ್ ಕೊಡಬೇಕು, ಅದನ್ನು ಆಡ್-ಬ್ಯಾಕ್ ಅನ್ನುತ್ತಾರೆ. ಇಂಜೆಕ್ಷನ್ ಬರೆದುಕೊಟ್ಟವರು ಆಡ್-ಬ್ಯಾಕ್ ಮಾತೇ ಎತ್ತದಿದ್ದರೆ ನೀವೇ ಎತ್ತಿ. ಡ್ಯಾನಜೋಲ್ ಹೆಸರು ಬಂದರಂತೂ ಬೇರೆ ದಾರಿ ಇಲ್ಲವಾ ಅಂತ ಕೇಳಿ. 70ರ ದಶಕದ ಔಷಧಿ ಅದು. ಮುಖದ ಮೇಲೆ ಕೂದಲು ಬರಬಹುದು, ಗಡುಸಾದ ದನಿ ಮತ್ತೆ ಮೊದಲಿನಂತೆ ಆಗದೇ ಹೋಗಬಹುದು.

ನನ್ನ ಸಿಟ್ಟು ಔಷಧಿಗಳ ಮೇಲಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ನೋಡುತ್ತಲೇ, ತಲೆ ಎತ್ತದೆ, "ಇದು ತಗೊಳ್ಳಿ, ಆರು ತಿಂಗಳು ಬಿಟ್ಟು ಬನ್ನಿ" ಅಂತ ಮುಗಿಸುವುದರ ಮೇಲೆ. ನನಗೆ ಒಂದು ಕಡೆ "ಮದುವೆ ಮಾಡ್ಕೊಳಮ್ಮ, ಮಗು ಆದ್ರೆ ತಾನಾಗೇ ಸರಿಹೋಗುತ್ತೆ" ಅಂತಲೂ ಹೇಳಿದ್ದರು. ಗರ್ಭಿಣಿಯಾಗಿದ್ದಾಗ ಕೆಲವರಿಗೆ ನೋವು ಕಡಿಮೆ ಇರಬಹುದು, ಆದರೆ ಅದು ಚಿಕಿತ್ಸೆ ಅಲ್ಲ. ನೋವಿಗೆ ಅಂತ ಹೋದವಳಿಗೆ ಮದುವೆ ಬರೆದುಕೊಡುವುದು ಯಾವ ವೈದ್ಯಕೀಯ ಸ್ವಾಮಿ!

ನಾನು ಸದ್ಯಕ್ಕೆ ಡೈನೋಜೆಸ್ಟ್‌ನಲ್ಲೇ ಇದ್ದೇನೆ. ಈಗ ಮಗುವಿನ ಯೋಚನೆ ಇಲ್ಲ, ಮೈಗ್ರೇನ್ ಇದೆ, ಹಾಗಾಗಿ ಇದು. ಮನಸ್ಸಿಗೆ ಮಂಕು ಕವಿಯುತ್ತಿದೆ ಅನ್ನಿಸಿದರೆ ಬಿಟ್ಟು ಲೂಪ್‌ಗೆ ಹೋಗುವುದು ಅಂತ ಈಗಿನ ಡಾಕ್ಟರ್ ಹತ್ತಿರ ಮೊದಲೇ ಮಾತಾಗಿದೆ. ನನ್ನ ಮುಖ ನೋಡಿ ಆ ಮಂಕನ್ನು ನನಗಿಂತ ಬೇಗ ಹಿಡಿಯುವ ಕೆಲಸ ನನ್ನ ತಂಗಿಗೆ ಒಪ್ಪಿಸಿದ್ದೇನೆ.