ಲಿಥಿಯಂ ಚಿಂತೆ ಸಾಕು, ತಾಮ್ರದ ಕಡೆ ನೋಡೋಣ

ಮಂಡ್ಯದಲ್ಲಿ ಸಿಕ್ಕಿತೆಂದಿದ್ದ ಬ್ಯಾಟರಿ ಲೋಹ ಲಿಥಿಯಂ ಎಲ್ಲಿಗೆ ಬಂತು ಎಂದು ಊರಿನವರು ಈಗಲೂ ಕೇಳುತ್ತಾರೆ. ಮದ್ದೂರಿನ ನಮ್ಮ ಭಾವನವರಂತೂ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನನಗೆ ಫೋನ್ ಮಾಡಿದಾಗಲೆಲ್ಲ "ಸೋಲಾರ್ ಕೆಲಸ ಮಾಡೋರು ನೀವು, ನಿಮಗೆ ಗೊತ್ತಿರಲೇಬೇಕು" ಎಂದೇ ಮಾತು ಶುರುಮಾಡುತ್ತಾರೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಮೊದಲು 14,100 ಟನ್ ಎಂದು ಹೇಳಲಾಗಿದ್ದ ನಿಕ್ಷೇಪ ಆಮೇಲೆ 1,600 ಟನ್ನಿಗೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂಬ ಸುದ್ದಿ ಇನ್ನೂ ದೊಡ್ಡದಾಗಿ ಬಂತು. ಹರಾಜಿಗಿಟ್ಟಾಗ ಸಾಕಷ್ಟು ಬಿಡ್‌ದಾರರೇ ಬರಲಿಲ್ಲ. ಇದನ್ನೆಲ್ಲ ಭಾವನವರಿಗೆ ಹೇಳಿ, ಕೊನೆಗೆ "ಲಿಥಿಯಂ ಬಿಡಿ, ತಾಮ್ರದ ಸಂಗತಿ ಕೇಳಿ" ಎಂದರೆ ಅವರಿಗೆ ನಿರಾಸೆಯಾಗುತ್ತದೆ. ತಾಮ್ರ ಎಲ್ಲರಿಗೂ ಗೊತ್ತಿರುವ ಹಳೆಯ ಲೋಹ. ಅದರಲ್ಲಿ ಸುದ್ದಿ ಏನಿದೆ ಎಂಬುದು ಅವರ ವಾದ. ನನ್ನ ಚಿಂತೆಯೆಲ್ಲ ಅದರ ಬಗ್ಗೆಯೇ.

ಲಿಥಿಯಂ ಬೆಲೆಯ ಮಾತು ಕೇಳುವ ಲೋಹ. 2022ರ ನವೆಂಬರಿನಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನಿಗೆ ಏರಿತ್ತು. ಆ ಬೆಲೆ ನೋಡಿ ಆಸ್ಟ್ರೇಲಿಯಾ, ಚಿಲಿ, ಅರ್ಜೆಂಟೀನಾ, ಚೀನಾ, ಜಿಂಬಾಬ್ವೆ ಎಲ್ಲ ಕಡೆ ಉತ್ಪಾದನೆ ಹೆಚ್ಚಿತು. 2024ರ ಆರಂಭದ ಹೊತ್ತಿಗೆ ಬೆಲೆ ಲಕ್ಷದ ಆಸುಪಾಸಿಗೆ ಬಂದು ನಿಂತಿತ್ತು. ಕೋಬಾಲ್ಟ್, ನಿಕ್ಕಲ್ ದುಬಾರಿಯಾದಾಗ ಬ್ಯಾಟರಿ ತಯಾರಕರು ಅವೆರಡೂ ಬೇಕಿಲ್ಲದ ಲಿಥಿಯಂ ಐರನ್ ಫಾಸ್ಫೇಟ್ ಕಡೆಗೆ ಹೊರಳಿದರು. ಮೋಟಾರಿನ ಆಯಸ್ಕಾಂತಕ್ಕೆ ಬೇಕಾಗುವ ವಿರಳ ಭಸ್ಮ ಲೋಹಗಳ (ರೇರ್ ಅರ್ತ್) ಕಥೆ ಬೇರೆ. 2025ರ ಏಪ್ರಿಲಿನಲ್ಲಿ ಚೀನಾ ಅಂಥ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯಮಾಡಿದ ಮೇಲೆ ಆಯಸ್ಕಾಂತ ಸಿಗದೆ, ಇಲ್ಲೇ ಪಕ್ಕದ ಪುಣೆಯ ಬಜಾಜ್ ಕಂಪನಿಯ ಚೇತಕ್ ಸ್ಕೂಟರಿನ ತಯಾರಿಕೆಗೂ ಪೆಟ್ಟು ಬಿತ್ತು. ಆದರೆ ಆ ಕೊರತೆ ಹುಟ್ಟಿದ್ದು ಸರ್ಕಾರವೊಂದರ ಆದೇಶದಿಂದ. ಕೇರಳ, ಒಡಿಶಾ, ತಮಿಳುನಾಡಿನ ಕರಾವಳಿಯ ಮರಳಿನಲ್ಲಿ ವಿರಳ ಭಸ್ಮ ಲೋಹಗಳಿರುವ ಮೊನಜೈಟ್ ಎಂಬ ಖನಿಜ ನಮ್ಮಲ್ಲೇ ಇದೆ. ಅದನ್ನು ಬೇರ್ಪಡಿಸಿ ಆಯಸ್ಕಾಂತ ಮಾಡುವ ಕಾರ್ಖಾನೆಗಳನ್ನು ನಾವು ಬೇಕಾದಷ್ಟು ಕಟ್ಟಲಿಲ್ಲ, ಅಷ್ಟೆ. ಹಣ ಮತ್ತು ಹಟ ಎರಡೂ ಇದ್ದರೆ ಕಟ್ಟಬಹುದು.

ತಾಮ್ರದ ಕೊರತೆ ಹಾಗೆ ನೀಗುವಂಥದ್ದಲ್ಲ. ಪೆಟ್ರೋಲ್ ಕಾರಿನಲ್ಲಿ ಸುಮಾರು 22 ಕಿಲೋ ತಾಮ್ರವಿದ್ದರೆ ವಿದ್ಯುತ್ ಕಾರಿನಲ್ಲಿ 53 ಕಿಲೋ ಇರುತ್ತದೆ ಎಂಬುದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2021ರ ಲೆಕ್ಕ. ಅದೇ ವರದಿಯ ಪ್ರಕಾರ ಒಂದು ಮೆಗಾವ್ಯಾಟ್ ಸೌರ ವಿದ್ಯುತ್ತಿಗೆ ಹತ್ತಿರಹತ್ತಿರ ಮೂರು ಟನ್, ಸಮುದ್ರದಲ್ಲಿ ನಿಲ್ಲಿಸುವ ಗಾಳಿಯಂತ್ರಗಳಿಗೆ ಮೆಗಾವ್ಯಾಟಿಗೆ ಎಂಟು ಟನ್ ತಾಮ್ರ ಬೇಕು. ಇಷ್ಟನ್ನು ಕೊಡಬೇಕಾದ ಗಣಿಗಳು ಮಾತ್ರ ವಯಸ್ಸಾದವು. ಜಗತ್ತಿನ ಅತಿ ದೊಡ್ಡ ಉತ್ಪಾದಕ ದೇಶವಾದ ಚಿಲಿಯಲ್ಲಿ ಅದಿರಿನೊಳಗಿನ ತಾಮ್ರದ ಅಂಶ ಶೇಕಡಾ ಒಂದಕ್ಕಿಂತ ಕೆಳಗಿಳಿದು ಬಹಳ ಕಾಲವಾಯಿತು; ಒಂದು ಟನ್ ತಾಮ್ರಕ್ಕೆ ನೂರಾರು ಟನ್ ಕಲ್ಲು ಅಗೆಯಬೇಕು, ಪುಡಿಮಾಡಬೇಕು, ತೊಳೆಯಬೇಕು. ನಿಕ್ಷೇಪ ಪತ್ತೆಯಾದಂದಿನಿಂದ ಗಣಿಯಿಂದ ಮೊದಲ ಲೋಹ ಹೊರಬರುವವರೆಗೆ ಸರಾಸರಿ ಹದಿನಾರು ವರ್ಷ ಹಿಡಿಯುತ್ತದೆ. ಇಂದು ಬೆಲೆ ಏರಿತೆಂದು ನಾಳೆ ಹೊಸ ಗಣಿ ಬಾಯಿ ತೆರೆಯುವುದಿಲ್ಲ. ಮುಚ್ಚುವುದಕ್ಕೆ ಮಾತ್ರ ಒಂದು ದಿನ ಸಾಕು. ಪನಾಮಾದ ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ಗುತ್ತಿಗೆ ಅಸಿಂಧು ಎಂದಾಗ, ಜಗತ್ತಿನ ತಾಮ್ರದಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ಕೊಡುತ್ತಿದ್ದ ಗಣಿಯೊಂದು ನಿಂತುಹೋಯಿತು. 2025ರ ಸೆಪ್ಟೆಂಬರಿನಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯೊಳಗೆ ಕೆಸರು ನುಗ್ಗಿ ಕಾರ್ಮಿಕರು ಸತ್ತರು, ಕೆಲಸ ಸ್ಥಗಿತಗೊಂಡಿತು.

ನಮ್ಮ ದೇಶದ ಸ್ಥಿತಿ ಇನ್ನೂ ವಿಚಿತ್ರ. ಮಲಾಂಜ್‌ಖಂಡ್, ಖೇತ್ರಿ, ಘಾಟ್‌ಶಿಲಾ ಗಣಿಗಳೆಲ್ಲ ಸೇರಿ ಕೊಡುವ ಅದಿರು ನಮ್ಮ ಕುಲುಮೆಗಳ ಹಸಿವಿನ ಹತ್ತರಲ್ಲೊಂದು ಪಾಲಿಗೂ ಸಾಲದು. ಉಳಿದದ್ದು ಕಾನ್ಸಂಟ್ರೇಟ್, ಅಂದರೆ ಕಲ್ಲು ಬೇರ್ಪಡಿಸಿ ಸಾಂದ್ರಗೊಳಿಸಿದ ಅದಿರಿನ ಪುಡಿಯ ರೂಪದಲ್ಲಿ ಹಡಗಿನಲ್ಲಿ ಬರುತ್ತದೆ. (ಚಿತ್ರದುರ್ಗದ ಇಂಗಳದಾಳದಲ್ಲೂ ಒಂದು ಕಾಲಕ್ಕೆ ತಾಮ್ರದ ಗಣಿ ಇತ್ತೆಂದರೆ ಇಲ್ಲಿ ಹುಟ್ಟಿಬೆಳೆದ ಕನ್ನಡದ ಹುಡುಗರು ನಂಬುವುದಿಲ್ಲ.) ವರ್ಷಕ್ಕೆ 4 ಲಕ್ಷ ಟನ್ ಸಾಮರ್ಥ್ಯದ ತೂತುಕುಡಿಯ ಕುಲುಮೆ 2018ರ ಮೇಯಲ್ಲಿ, ಮಾಲಿನ್ಯದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಹದಿಮೂರು ಜನ ಬಲಿಯಾದ ಮೇಲೆ ಮುಚ್ಚಿತು, ಅಲ್ಲಿಯವರೆಗೆ ಶುದ್ಧ ತಾಮ್ರವನ್ನು ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಇಳಿಯಿತು. ಅದನ್ನು ಮುಚ್ಚಿದ್ದು ತಪ್ಪು ಎಂದು ವ್ಯಾಪಾರದವರು ಸಲೀಸಾಗಿ ಹೇಳುತ್ತಾರೆ. ಆ ಊರಿನ ಗಾಳಿ ಕುಡಿದವರ ಮಾತನ್ನು ಮೊದಲೇ ಕೇಳಿದ್ದರೆ ಮುಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಈಗ ಗುಜರಾತಿನ ಮುಂದ್ರಾದಲ್ಲಿ 5 ಲಕ್ಷ ಟನ್ನಿನ ಹೊಸ ಕುಲುಮೆ ಬಂದಿದೆ, ಆದರೆ ಬಂದ ಕಾಲ ಸರಿಯಿಲ್ಲ. ಅದಿರನ್ನು ಕರಗಿಸಿಕೊಡಲು ಗಣಿಯವರು ಕುಲುಮೆಯವರಿಗೆ ಕೊಡುವ ವಾರ್ಷಿಕ ಮಾನದಂಡದ ಕೂಲಿ 2024ರಲ್ಲಿ ಟನ್ನಿಗೆ 80 ಡಾಲರ್ ಇದ್ದದ್ದು 2025ಕ್ಕೆ 21.25 ಡಾಲರಿಗೆ ಕುಸಿಯಿತು. ಚೀನಾದಲ್ಲಿ ಕುಲುಮೆಗಳು ವಿಪರೀತವಾಗಿ ಎದ್ದಿವೆ, ಅವಕ್ಕೆ ತಿನ್ನಿಸಲು ಅದಿರಿಲ್ಲ. ಕುಲುಮೆ ಕಟ್ಟಿದರೆ ಸ್ವಾವಲಂಬನೆ ಬಂದಂತೆ ಎಂಬ ಭಾಷಣಗಳನ್ನು ಕೇಳುವಾಗ ಈ ಒಂದು ಅಂಕಿ ನೆನಪಿರಲಿ.

ಹಾಗಾದರೆ ಅಲ್ಯೂಮಿನಿಯಂ ಬಳಸಬಾರದೇ ಎಂದು ಹೌಸಿಂಗ್ ಸೊಸೈಟಿಯ ಸಭೆಗಳಲ್ಲಿ ಕೇಳುತ್ತಾರೆ. ಬಳಸಬೇಕು, ನಾನೂ ಬಳಸುತ್ತೇನೆ. ಬಾಕ್ಸೈಟ್ ನಮ್ಮ ನೆಲದಲ್ಲೇ ಸಿಗುತ್ತದೆ, ನಮ್ಮ ಬೆಳಗಾವಿಯಲ್ಲೇ ಅಲ್ಯೂಮಿನಾ ಕಾರ್ಖಾನೆಯಿದೆ, ದೇಶದ ದೊಡ್ಡ ವಿದ್ಯುತ್ ಮಾರ್ಗಗಳೆಲ್ಲ ಓಡುವುದೇ ಆ ಲೋಹದ ಮೇಲೆ. ಅದರ ವಾಹಕತೆ ತಾಮ್ರದ ಶೇಕಡಾ 61ರಷ್ಟು ಮಾತ್ರ; ತಂತಿ ದಪ್ಪವಾಗುತ್ತದೆ, ಆದರೂ ತೂಕದಲ್ಲಿ ಹಗುರ. ಟೆರೇಸಿನ ಇನ್ವರ್ಟರಿನಿಂದ ಕೆಳಗಿನ ಮೀಟರ್ ರೂಮಿಗೆ ಇಳಿಯುವ ಕೇಬಲ್ಲಿಗೆ ಅದು ಧಾರಾಳವಾಗಿ ಸಾಕು. ತೊಂದರೆಯಿರುವುದು ಜೋಡಣೆಯಲ್ಲಿ. ಅಲ್ಯೂಮಿನಿಯಂ ಕೇಬಲ್ಲನ್ನು ತಾಮ್ರದ ಬಸ್‌ಬಾರಿಗೆ (ಕೇಬಲ್ಲುಗಳು ಬಂದು ಸೇರುವ ಲೋಹದ ಪಟ್ಟಿ) ಸಾದಾ ಲಗ್, ಅಂದರೆ ಕೇಬಲ್ಲಿನ ತುದಿಗೆ ತೊಡಿಸುವ ಲೋಹದ ಕೊಳವೆ, ಹಾಕಿ ಬಿಗಿದರೆ, ಮುಂಬಯಿಯ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಎರಡು ಲೋಹಗಳ ನಡುವೆ ಸವಕಳಿ ಶುರುವಾಗುತ್ತದೆ. ಜೋಡಣೆ ಸಡಿಲವಾಗಿ ಬಿಸಿಯೇರಿ ಕೇಬಲ್ಲಿನ ಹೊದಿಕೆ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. ಅದಕ್ಕೆಂದೇ ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಬೈಮೆಟಲ್ ಲಗ್ ಸಿಗುತ್ತದೆ. ಪೇಸ್ಟ್ ಹಚ್ಚಿ ಸರಿಯಾದ ಅಚ್ಚಿನಲ್ಲಿ ಒತ್ತಿ ಬಿಗಿದರೆ ವರ್ಷಗಟ್ಟಲೆ ಬಾಳುತ್ತದೆ. ಕೆಲವೇ ನೂರು ರೂಪಾಯಿ ಉಳಿಸಲು ಅದನ್ನು ಬಿಡುವವರಿಂದಾಗಿ ಅಲ್ಯೂಮಿನಿಯಂ ಲೋಹಕ್ಕೇ ಕೆಟ್ಟ ಹೆಸರು ಬಂದಿದೆ. ಪ್ಯಾನೆಲ್ಲಿನಿಂದ ಬರುವ ಡಿಸಿ ತಂತಿ, ಮೋಟಾರಿನ ಸುರುಳಿ, ಕಾರಿನೊಳಗಿನ ಇಕ್ಕಟ್ಟಾದ ಜಾಗಗಳಲ್ಲಿ ತಾಮ್ರವನ್ನು ಬಿಟ್ಟು ಇರುವುದು ಇನ್ನೂ ಕಷ್ಟ.

ಬೆಳ್ಳಿಯದು ಇನ್ನೊಂದು ಬಗೆಯ ಹಟ. ಸೌರಕೋಶದ ಮೇಲೆ ಕಾಣುವ ಸಣ್ಣ ಗೆರೆಗಳೆಲ್ಲ ಬೆಳ್ಳಿಯ ಪೇಸ್ಟಿನಿಂದ ಅಚ್ಚಾದವು. ಜಗತ್ತಿನ ವಾರ್ಷಿಕ ಬೆಳ್ಳಿ ಬೇಡಿಕೆಯಲ್ಲಿ ಸುಮಾರು ಆರರಲ್ಲೊಂದು ಭಾಗ ಈಗ ಅಲ್ಲಿಗೇ ಹೋಗುತ್ತದೆ. ಹೊರಬರುವ ಬೆಳ್ಳಿಯ ಬಹುಪಾಲು ಸೀಸ, ಸತು, ತಾಮ್ರ, ಚಿನ್ನದ ಗಣಿಗಳ ಉಪ ಉತ್ಪನ್ನ. ಮಜ್ಜಿಗೆಯ ಬೆಲೆ ಏರಿತೆಂದು ಯಾರೂ ಹೆಚ್ಚು ಬೆಣ್ಣೆ ಕಡೆಯುವುದಿಲ್ಲ. ಬೆಳ್ಳಿ ದುಬಾರಿಯಾಯಿತೆಂದು ಸತುವಿನ ಗಣಿ ಆಳಕ್ಕಿಳಿಯುವುದೂ ಅಪರೂಪ. 2025ರಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ದಾಟಿದಾಗ ಮುಂಬಯಿಯ ಚಿನ್ನ-ಬೆಳ್ಳಿ ಪೇಟೆಯಾದ ಜವೇರಿ ಬಜಾರಿನಲ್ಲಿ ಎಲ್ಲರೂ ಹೂಡಿಕೆದಾರರ ಹುಚ್ಚಿನ ಬಗ್ಗೆಯೇ ಮಾತಾಡಿದರು, ಪ್ಯಾನೆಲ್ಲಿನ ಮಾತು ಆಡಿದವರು ಕಡಿಮೆ. ತಯಾರಕರು ಗೆರೆಗಳನ್ನು ಸಣ್ಣಗೆ ಮಾಡುತ್ತಿದ್ದಾರೆ, ಬೆಳ್ಳಿಯ ಬದಲು ತಾಮ್ರ ಬಳಸಲು ನೋಡುತ್ತಿದ್ದಾರೆ. ಅಂದರೆ ಭಾರ ಮತ್ತೆ ತಾಮ್ರದ ಮೇಲೆಯೇ.

ಇಷ್ಟೆಲ್ಲ ಇರುವಾಗ ಅತಿ ಹತ್ತಿರದ ಗಣಿ ಮುಂಬಯಿಯ ಕುರ್ಲಾದ ಭಂಗಾರ್ (ಗುಜರಿ) ಗೋದಾಮುಗಳಲ್ಲಿದೆ ಎಂಬುದನ್ನು ನೀತಿ ಬರೆಯುವವರು ಮರೆಯಬಾರದು. ಅಲ್ಲಿ ಹೊದಿಕೆ ಸುಲಿದ ಹೊಳೆಯುವ ತಂತಿಗೆ ಮಿಲ್ಬೆರಿ ಎಂದು ಒಂದು ದರ, ಸುಟ್ಟ ಮೋಟಾರಿನಿಂದ ಕಿತ್ತ ಆರ್ಮೇಚರಿಗೆ ಇನ್ನೊಂದು ದರ. ಲಂಡನ್ ಲೋಹ ವಿನಿಮಯ ಕೇಂದ್ರದ ಬೆಲೆ ಬದಲಾದರೆ ಸಂಜೆಯೊಳಗೆ ಕೈಗಾಡಿಯವನಿಗೂ ಗೊತ್ತಾಗುತ್ತದೆ. ಇಷ್ಟು ಚುರುಕಾದ ವ್ಯವಸ್ಥೆಯನ್ನು ನಾವು ಕಂಡದ್ದು ಹೆಚ್ಚಾಗಿ ತೆರಿಗೆಯ ಕಣ್ಣಿನಿಂದ. 2024ರ ಅಕ್ಟೋಬರಿನಿಂದ, ನೋಂದಣಿಯಿಲ್ಲದವನಿಂದ ಲೋಹದ ಸ್ಕ್ರ್ಯಾಪ್ ಕೊಂಡ ನೋಂದಾಯಿತ ವ್ಯಾಪಾರಿಯೇ ಅದರ ಜಿಎಸ್‌ಟಿ ಕಟ್ಟಬೇಕು. ಲೆಕ್ಕ ಸರಿಹೋಗಲು ಅದು ಬೇಕಿರಬಹುದು; ಆದರೆ ತಂತಿಯನ್ನು ಬಯಲಲ್ಲಿ ಸುಡದೆ ಯಂತ್ರದಲ್ಲಿ ಸುಲಿಯಲು ಸಣ್ಣ ವ್ಯಾಪಾರಿಗೆ ಸಾಲ, ಜಾಗ ಕೊಡುವ ಮಾತೂ ಅಷ್ಟೇ ಗಟ್ಟಿಯಾಗಿ ಬರಬೇಕಿತ್ತು. 2025ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನದ 16,300 ಕೋಟಿಯಲ್ಲಿ ಇಂಥವರಿಗೆ ಒಂದು ಪಾಲು ತೆಗೆದಿಡಬೇಕೆಂದು ನಾನು ಕೇಳುತ್ತೇನೆ.

ಹಳೆಯ ಸೌರ ಫಲಕಗಳಿಗಂತೂ ಇನ್ನೂ ದಿಕ್ಕಿಲ್ಲ. 2022ರ ಇ-ತ್ಯಾಜ್ಯ ನಿಯಮಗಳು ಅವನ್ನು 2034-35ರವರೆಗೆ ದಾಸ್ತಾನು ಮಾಡಿಡಬೇಕೆಂದು ತಯಾರಕರಿಗೆ ಹೇಳುತ್ತವೆ. ಟೆರೇಸಿನಿಂದ ಇಳಿಸಿದ ಒಡೆದ ಫಲಕವನ್ನು ಭಂಗಾರ್‌ವಾಲಾನ ಮುಂದಿಟ್ಟರೆ ಅವನು ಅಲ್ಯೂಮಿನಿಯಂ ಚೌಕಟ್ಟಿಗೂ ಹಿಂದಿನ ತಾಮ್ರದ ತಂತಿಗೂ ದರ ಹೇಳುತ್ತಾನೆ. ಬೆಳ್ಳಿಯ ಗೆರೆಗಳಿರುವ ಗಾಜನ್ನು ನೀವೇ ಒಯ್ಯಿರಿ ಎನ್ನುತ್ತಾನೆ.